ಕುಂಕುಮ ಕೇಳಲು ಹೋದ ಸಂಜೆಗಳು

ಮಕ್ಕಳ ಓದಿಗಾಗಿ ನಮ್ಮ ಓಣಿಯಲ್ಲಿ ಓಡಾಡಿದವರನ್ನು ನೆನೆಯುವಾಗ ಜನ ನನ್ನನ್ನೂ ಸೇರಿಸುತ್ತಾರೆ. ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ. ಆಗ ನನ್ನ ಮನೆಯಲ್ಲಿ ಓದುವ ಮಕ್ಕಳೇ ಇರಲಿಲ್ಲ. ಇದ್ದ ಒಬ್ಬಳೇ ಮಗಳನ್ನು ರಾಮದುರ್ಗಕ್ಕೆ ಕೊಟ್ಟಾಗಿತ್ತು. ಒಬ್ಬ ಮನುಷ್ಯನ ಮೇಲಿನ ಹಗೆ ತೀರಿಸಿಕೊಳ್ಳಲು ನಾನು ಸೆರಗು ಸಿಗಿಸಿಕೊಂಡು ಹೊರಟೆ, ಅಷ್ಟೇ.

ಆ ಮನುಷ್ಯ ಬೈಲಹೊಂಗಲದ ನಮ್ಮ ಓಣಿಯ ಹಿರಿಯ. ಹಿಂದೊಮ್ಮೆ ಪುರಸಭೆಗೆ ಆರಿಸಿ ಬಂದಿದ್ದನಾದ್ದರಿಂದ ಇಂದಿಗೂ ಎಲ್ಲರ ಬಾಯಲ್ಲಿ ಮೆಂಬರ್ ಸಾಹೇಬ್ರು. ರೈತರ ಹತ್ತಿ, ಶೇಂಗಾ ಮಾರಿಸಿಕೊಡುವ ಅಡತಿ ಅಂಗಡಿ ಅವನದು. ಗುಡಿಯ ಕಮಿಟಿಯಲ್ಲಿ ಅವನೇ, ಶಾಲೆಯ ಕಮಿಟಿಯಲ್ಲೂ ಅವನೇ. ನನ್ನ ಗಂಡ ಅವನ ಅಂಗಡಿಯ ಲಾರಿ ಹೊಡೆಯುತ್ತಾರೆ. ಕಿತ್ತೂರಿನ ಹತ್ತಿರ ಹೈವೇ ಹಿಡಿದರೆ ಪುಣೆಯವರೆಗೆ ಹೋಗಿಬರುತ್ತಾರೆ. ಎದುರಿಗೆ ನಾನು ಅವನಿಗೆ 'ರೀ' ಹಚ್ಚದೆ ಮಾತಾಡಿಸಿದವಳಲ್ಲ. ಮನಸ್ಸಿನಲ್ಲಿ ಮಾತ್ರ ಯಾವಾಗಲೂ ಏಕವಚನ. ಇಲ್ಲಿ ಮನಸ್ಸಿನಲ್ಲಿದ್ದದ್ದನ್ನೇ ಬರೆಯುತ್ತಿದ್ದೇನೆ.

ಹಗೆಯ ಮೂಲ ಹೇಳುತ್ತೇನೆ. ನನ್ನ ಮಗಳು ಹತ್ತನೆಯ ಇಯತ್ತೆಯಲ್ಲಿ ಓಣಿಗೇ ಮೊದಲಿಗಳಾಗಿ ಪಾಸಾದಳು. ಧಾರವಾಡಕ್ಕೆ ಹೋಗಿ ಸೈನ್ಸ್ ಕಲಿಯಬೇಕೆಂದು ಅವಳ ಆಸೆ. ಅಲ್ಲಿ ಹೆಣ್ಣುಮಕ್ಕಳಿಗೆ ಒಂದು ಉಚಿತ ಪ್ರಸಾದ ನಿಲಯವಿತ್ತು. ಉಳಿಯುವುದು, ಉಣ್ಣುವುದು ಎಲ್ಲ ಅಲ್ಲೇ. ಆದರೆ ಸೇರಬೇಕಾದರೆ ಊರಿನ ಹಿರಿಯರೊಬ್ಬರು ಹುಡುಗಿಯ ಪರವಾಗಿ ಮಾತು ಹೇಳಬೇಕಿತ್ತು. ಮೆಂಬರ್ ಇಲ್ಲವೆನ್ನುತ್ತಾನೆಂದು ನಮಗೆ ಕನಸಿನಲ್ಲೂ ಬಂದಿರಲಿಲ್ಲ. ಮಗಳು ಪೇಟೆಗೆ ಹೋಗಿ ಹಸಿರು ಬಣ್ಣದ ಒಂದು ತಗಡಿನ ಟ್ರಂಕ್ ಕೊಂಡು, ಬೋರ್ಡು ಬರೆಯುವವನಿಂದ ಅದರ ಮುಂಭಾಗಕ್ಕೆ ಬಿಳಿಯ ದಪ್ಪ ಅಕ್ಷರಗಳಲ್ಲಿ ತನ್ನ ಹೆಸರು ಬರೆಸಿಕೊಂಡು ಬಂದಿದ್ದಳು.

ನಾವಿಬ್ಬರೂ ಅವನ ಮನೆಗೆ ಹೋದಾಗ ಪಡಸಾಲೆಯ ತುಂಬ ಜನ ಕುಂತಿದ್ದರು. ಅವನು ಅಡಕೆ ಕತ್ತರಿಸುತ್ತ, ತಲೆ ಎತ್ತದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಹುಡುಗಿ ಶಾಣ್ಯಾ ಅದಾಳ, ಇಲ್ಲನ್ನಂಗಿಲ್ಲ. ಆದ್ರ ಧಾರವಾಡಕ್ಕ ಕಳಿಸಿ ನಾಳೆ ಏನಾರ ಹೆಚ್ಚುಕಡಿಮಿ ಆತಂದ್ರ ಓಣಿ ಮರ್ಯಾದಿ ಏನಾಗಬೇಕು? ಹೊಲಿಗಿ ಕಲಸ್ರಿ, ನಿಮ್ಮ ಹಂಗ. ಆಮ್ಯಾಲ ಒಂದು ಚಲೋ ಮನಿ ನೋಡೂಣು."

ಕುಂತವರೆಲ್ಲ ಹೌದೌದೆಂದು ತಲೆಯಾಡಿಸಿದರು. ಮಗಳು ನನ್ನ ಬೆನ್ನ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಳು. ನನ್ನ ಗಂಡ ಊರಿಗೆ ಬಂದು ಸುದ್ದಿ ಕೇಳಿ, "ಹಿರ್‍ಯಾರ ಮಾತು ಮೀರಿ ಹೋಗೂದು ಬ್ಯಾಡ, ಬಿಡು" ಅಂದರು. ಅವನ ಲಾರಿಯ ಸ್ಟೇರಿಂಗ್ ಹಿಡಿದ ಕೈ ಇನ್ನೇನು ಹೇಳೀತು? ಹದಿನೆಂಟು ತುಂಬುವವರೆಗೆ ಮಗಳು ನನ್ನ ಜೊತೆ ಕುಂತು ಜಂಪರಿಗೆ ಗುಂಡಿ ಹಚ್ಚಿದಳು. ಆಮೇಲೆ ಲಗ್ನ. ಟ್ರಂಕ್ ಅವಳ ಜೊತೆ ರಾಮದುರ್ಗಕ್ಕೆ ಹೋಗಿ ಜೋಳ ತುಂಬಿಡಲು ಬಂತು.

ಅವಳನ್ನು ಗಂಡನ ಮನೆಗೆ ಬಿಟ್ಟು ಬರುವಾಗ ಸಿರಸಂಗಿಯಲ್ಲಿ ಇಳಿದು ಕಾಳವ್ವನಿಗೆ ಕಾಯಿ ಒಡೆಸಿದೆ. ಮಗಳ ಸಂಸಾರ ಸುಖವಾಗಿರಲಿ ಅಂತ ಕೇಳಿಕೊಂಡೆ, ಅದು ಖರೆ. ಅದರ ಹಿಂದೆಯೇ ಇನ್ನೊಂದನ್ನೂ ಕೇಳಿಕೊಂಡೆ. ಅವನ ತಲೆ ನನ್ನ ಮುಂದೆ ಒಮ್ಮೆ ಬಗ್ಗುವುದನ್ನು ನೋಡಬೇಕು ಅಂತ.

ದೇವಿ ಬೇಗ ಕಣ್ಣು ತೆರೆಯಲಿಲ್ಲ. ಅಲ್ಲಿಯವರೆಗೆ ನನ್ನ ಕೈಲಾದ ಸಣ್ಣಪುಟ್ಟದ್ದನ್ನು ನಾನೇ ಮಾಡುತ್ತಿದ್ದೆ. ಅವನ ಹೆಂಡತಿಯ ಜಂಪರುಗಳು ನನ್ನಲ್ಲಿಗೇ ಹೊಲಿಯಲು ಬರುತ್ತಿದ್ದವು. ಬಗಲಲ್ಲಿ ಸ್ವಲ್ಪ ಬಿಗಿ ಹೊಲಿದು ಕಳಿಸುತ್ತಿದ್ದೆ. ಪಾಪ, ಆ ಹೆಂಗಸು ತಾನೇ ದಪ್ಪಗಾಗುತ್ತಿದ್ದೇನೆಂದು ತಿಳಿದು ರಾತ್ರಿಯ ರೊಟ್ಟಿ ಬಿಟ್ಟಳು. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ. ಆದರೆ ಅವನ ಮನೆಯಲ್ಲಿ ಯಾರಾದರೂ ಒಬ್ಬರಿಗೆ ಉಸಿರು ಕಟ್ಟಿದರೆ ನನಗೊಂದಿಷ್ಟು ಹಗುರಾಗುತ್ತಿತ್ತು.

ಹೀಗಿರುವಾಗ ಮೆಂಬರಿಗೆ ಒಂದು ಹುಕಿ ಬಂತು. ಎಲ್ಲೋ ಒಂದು ಹಳ್ಳಿಯಲ್ಲಿ ಸಂಜೆ ಸೈರನ್ನಿನ ಭೋಂಗಾ ಕೂಗಿಸಿ ಮನೆಮನೆಯ ಟೀವಿ ಬಂದ್ ಮಾಡಿಸುತ್ತಾರೆ, ಮಕ್ಕಳು ಓದುತ್ತಾರೆ ಎಂದು ಪೇಪರಿನಲ್ಲಿ ಓದಿದನಂತೆ. ಗುಡಿಯ ಪೌಳಿಯಲ್ಲಿ ಸಭೆ ಕರೆದ. ತಂದೆತಾಯಿಗಳೆಲ್ಲ ಬಂದಿದ್ದರು.

"ಏಳಕ್ಕ ಭೋಂಗಾ ಆತಂದ್ರ ಎಲ್ಲಾರ ಮನಿ ಟೀವಿ ಬಂದ್, ಮೊಬೈಲ್ ಬಂದ್. ಒಂಬತ್ತರ ತನಕ ಹುಡುಗರು ಓದಬೇಕು. ಅದರಾಗೂ ಹೆಣ್ಣ ಹುಡುಗ್ಯಾರು ಮುಂದ ಬರಬೇಕು. ಅವರ ಬೆನ್ನಿಗೆ ನಾ ನಿಂದರತೇನಿ" ಅಂದ. ಚಪ್ಪಾಳೆ ಬಿದ್ದವು.

ನನ್ನ ಮೈಯೆಲ್ಲ ಉರಿಯಿತು. ಅಡಕೆ ಕತ್ತರಿಸುತ್ತ ನನ್ನ ಮಗಳ ದಾರಿಗೆ ಅಡ್ಡ ಮಲಗಿದ ಅದೇ ಮನುಷ್ಯ ಈಗ ಹೆಣ್ಣುಮಕ್ಕಳ ಬೆನ್ನಿಗೆ ನಿಲ್ಲುತ್ತಾನಂತೆ. ಟೀವಿ ಬಂದ್ ಆಗಿದೆಯೋ ಇಲ್ಲವೋ ಎಂದು ಮನೆಮನೆಗೆ ಹೋಗಿ ನೋಡಲು ಹೆಂಗಸರು ಯಾರಾದರೂ ಬರುತ್ತೀರಾ ಎಂದು ಕೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನು.

ಭೋಂಗಾ ಕೂಗಿದರೂ ಮೊದಲಿಗೆ ಯಾರೂ ಕಿವಿಗೊಡಲಿಲ್ಲ. ಧಾರಾವಾಹಿಯ ಹೊತ್ತಿಗೆ ಹೋಗಿ ಟೀವಿ ಬಂದ್ ಮಾಡ್ರಿ ಎಂದರೆ ಯಾರು ಕೇಳುತ್ತಾರೆ? ಜಗಳವಾಗತೊಡಗಿತು. ಆಗ ನಾನೊಂದು ಉಪಾಯ ಹೇಳಿದೆ. ನಮ್ಮ ಕಡೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದ ಮುತ್ತೈದೆಯನ್ನು ಕುಂಕುಮ ಹಚ್ಚದೆ ಕಳಿಸುವಂತಿಲ್ಲ. ಎಂಥ ವೈರಿಯಾದರೂ ಅಷ್ಟೇ. ಹಾಗಾಗಿ ಟೀವಿಯ ಸುದ್ದಿಯನ್ನೇ ಎತ್ತುವುದು ಬೇಡ, ಹೊಸ್ತಿಲಲ್ಲಿ ನಿಂತು "ಕುಂಕುಮಕ್ಕ ಬಂದೇವ್ರಿ" ಅನ್ನೋಣ ಅಂದೆ. ಮನೆಯಾಕೆ ಏಳಬೇಕು, ದೇವರ ಜಗಲಿಯಿಂದ ಕುಂಕುಮದ ಕರಡಿಗೆ ತರಬೇಕು, ಕುಂಕುಮ ಹಚ್ಚಬೇಕು, ಸಕ್ಕರೆ ಕೊಡಬೇಕು. ಅಷ್ಟಾದರೂ ಟೀವಿ ಆರದಿದ್ದರೆ ನಾವು ಅಲ್ಲೇ ಕುಂತು ಅವರ ಬೀಗರ ಕ್ಷೇಮಸಮಾಚಾರ ವಿಚಾರಿಸುತ್ತಿದ್ದೆವು. ಎರಡನೆಯ ಸಲ ಹೋಗಬೇಕಾದ ಮನೆಗಳು ಕಡಿಮೆ.

ಮೆಂಬರನ ಮನೆಯನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಡಲಿಲ್ಲ. ಊರಿಗೆಲ್ಲ ಭೋಂಗಾ ಕೂಗಿಸಿ ತಾನು ಮಾತ್ರ ದೊಡ್ಡ ಸಪ್ಪಳ ಮಾಡಿ ರಾಜಕೀಯದ ವಾರ್ತೆ ನೋಡುತ್ತ ಕುಂತಿರುತ್ತಿದ್ದ. ದಿನಾ ಸಂಜೆ ಹೋದೆ. ಅವನ ಹೆಂಡತಿ ಕುಂಕುಮ ತರುವವರೆಗೆ ಅವನ ಟೀವಿಗೆ ಅಡ್ಡವಾಗಿ ನಿಲ್ಲುತ್ತಿದ್ದೆ. ಅವನು ಆ ಕಡೆ ಈ ಕಡೆ ಕುತ್ತಿಗೆ ಚಾಚಿ ನೋಡುತ್ತಿದ್ದ. ಒಂದು ದಿನ ತಾಳ್ಮೆಗೆಟ್ಟು, "ದಿನಾ ಬರಬೇಕೇನ್ರಿ ತಂಗಿ? ನಿನ್ನೆ ಹಚ್ಚಿದ್ದು ಅಳಿಸಿ ಹೋತೇನು?" ಅಂದ.

"ನಿಮ್ಮಂಥಾ ಹಿರ್‍ಯಾರ ಮನಿ ಕುಂಕುಮಾ ರೀ. ದಿನಾ ಹಚ್ಚಿಕೊಂಡ್ರ ಚಲೋ" ಅಂದೆ. ಎದ್ದು ತಾನೇ ಟೀವಿ ಬಂದ್ ಮಾಡಿದ. ಆ ರಾತ್ರಿ ನನಗೆ ಬಹಳ ದಿನಗಳ ಮೇಲೆ ಒಳ್ಳೆಯ ನಿದ್ದೆ ಬಂತು.

ಆ ಮನೆಯಲ್ಲಿ ಹತ್ತನೆಯ ಇಯತ್ತೆ ಓದುವ ಒಬ್ಬ ಮೊಮ್ಮಗಳಿದ್ದಳು. ಟೀವಿ ಆರಿದ ಕೂಡಲೇ ಪುಸ್ತಕ ತಂದು ಪಡಸಾಲೆಯ ದೀಪದ ಕೆಳಗೆ ಕೂಡುತ್ತಿದ್ದಳು. ನಾನು ಹೊರಡುವಾಗ ನನ್ನನ್ನು ನೋಡಿ ನಗುತ್ತಿದ್ದಳು. ನಾನು ನಗುತ್ತಿರಲಿಲ್ಲ. ಅವನ ಮೊಮ್ಮಗಳಲ್ಲವೇ?

ಪರೀಕ್ಷೆ ಸಮೀಪಿಸಿದಾಗ ಒಂದು ಸಂಜೆ ಹೋದರೆ ಬಾಗಿಲ ಮುಂದೆ ಹೊಸ ಹೊಸ ಚಪ್ಪಲಿಗಳು. ಸವದತ್ತಿಯಿಂದ ಕನ್ಯೆ ನೋಡಲು ಬಂದಿದ್ದರು. ಹುಡುಗಿ ಸೀರೆ ಉಟ್ಟು ಮಣೆಯ ಮೇಲೆ ಕುಂತಿದ್ದಳು. ಈಗ ಮಾತು ಪಕ್ಕಾ ಮಾಡಿಕೊಳ್ಳುವುದು, ಹದಿನೆಂಟು ತುಂಬಿದ ಮೇಲೆ ಲಗ್ನ, ಅಲ್ಲಿಯವರೆಗೆ ಮನೆಗೆಲಸ ಕಲಿಯಲಿ, ಸಾಲೆ ಹತ್ತನೆಯ ಇಯತ್ತೆಗೇ ಸಾಕು ಎಂದು ಮೆಂಬರ್ ಹೇಳುವುದು ಹೊಸ್ತಿಲಿಗೆ ಕೇಳಿಸಿತು. ನನಗೆ ಕುಂಕುಮ ಹಚ್ಚಲು ಅವತ್ತು ಆ ಹುಡುಗಿಯನ್ನೇ ಕಳಿಸಿದರು. ಹಚ್ಚುತ್ತ ಬಗ್ಗಿ ನನ್ನ ಕಿವಿಯ ಹತ್ತಿರ ಬಂದಳು.

"ಕಾಕೂ, ನನಗ ಮುಂದ ಕಲಿಯೂದೈತ್ರಿ. ಅಜ್ಜಾಗ ಯಾರೂ ಎದರಾಡೂದಿಲ್ಲ. ನೀವೊಬ್ಬರ ಅವರ ಟೀವಿ ಬಂದ್ ಮಾಡಸ್ತೀರಿ" ಅಂದಳು.

ಹೊರಗೆ ಬಂದಾಗ ನನಗೆ ಮೊದಲು ಆದದ್ದು ಖುಷಿ. ಸುಳ್ಳು ಯಾಕೆ ಹೇಳಲಿ? ಅವನ ಮನೆಯಲ್ಲೂ ಒಂದು ಹುಡುಗಿ ಬಾಯಿ ಕಟ್ಟಿಕೊಂಡು ಅಳಲಿ ಅನ್ನಿಸಿತು. ಆದರೆ ಮನೆ ಮುಟ್ಟುವುದರೊಳಗೆ ಆ ಖುಷಿ ಕಹಿಯಾಯಿತು. ಹುಡುಗಿ ಅತ್ತರೆ ಅವನಿಗೇನು ನಷ್ಟ? ನನ್ನ ಮಗಳು ಅತ್ತಾಗಲೂ ಅವನು ಅಡಕೆ ಕತ್ತರಿಸುತ್ತಲೇ ಇದ್ದ. ಅವನಿಗೆ ನೋವಾಗಬೇಕಾದರೆ ಅವನ ಮಾತು ಮುರಿಯಬೇಕು, ಅದೂ ಊರ ಮುಂದೆ. ಹುಡುಗಿ ಧಾರವಾಡಕ್ಕೆ ಹೋಗಲೇಬೇಕು ಎಂದು ಅವತ್ತು ನಿಶ್ಚಯಿಸಿದೆ. ಅವಳ ಮೇಲಿನ ಮಮತೆಗಿಂತ ಅವನ ಮೇಲಿನ ಸಿಟ್ಟೇ ಅದರಲ್ಲಿ ಹೆಚ್ಚಿತ್ತು.

ಫಲಿತಾಂಶ ಬಂತು. ಓಣಿಯ ಮಕ್ಕಳೆಲ್ಲ ಚೆನ್ನಾಗಿ ಪಾಸಾಗಿದ್ದರು. ಎಲ್ಲರಿಗಿಂತ ಮುಂದೆ ಮೆಂಬರನ ಮೊಮ್ಮಗಳು. ಪೌಳಿಯಲ್ಲಿ ಸತ್ಕಾರ ಸಮಾರಂಭ ಇಟ್ಟರು. ತಾಲೂಕಿನ ಶಿಕ್ಷಣಾಧಿಕಾರಿಗಳು ಬಂದಿದ್ದರು. ಮೊದಲ ಸಾಲಿನಲ್ಲಿ ಸವದತ್ತಿಯ ಬೀಗರಾಗುವವರು. ವೇದಿಕೆಯ ನಡುವಿನ ಖುರ್ಚಿಯಲ್ಲಿ ತಲೆಗೆ ಪಟಗಾ ಸುತ್ತಿಕೊಂಡು ಮೆಂಬರ್. ಕುಂಕುಮಕ್ಕೆ ತಿರುಗಿದ ಹೆಂಗಸರ ಪರವಾಗಿ ಎರಡು ಮಾತು ಹೇಳೆಂದು ಮೈಕು ನನ್ನ ಕೈಗೆ ಕೊಟ್ಟರು.

ಬೈಯಬೇಕೆಂದೇ ಎದ್ದಿದ್ದೆ. ಮೈಕು ಹಿಡಿದಾಗ ಬೈಗುಳಕ್ಕಿಂತ ಬಿಗಿಯಾದದ್ದೊಂದು ಹೊಳೆಯಿತು.

"ನಮ್ಮ ಮೆಂಬರ್ ಸಾಹೇಬ್ರಂಥಾ ಹಿರ್‍ಯಾರು ಯಾ ಓಣಿಗೂ ಸಿಗಂಗಿಲ್ಲ" ಅಂದೆ. ಅವನು ನಕ್ಕ. "ಹೆಣ್ಣ ಹುಡುಗ್ಯಾರ ಬೆನ್ನಿಗೆ ನಿಂದರತೇನಿ ಅಂತ ಇದ ಪೌಳ್ಯಾಗ ಹೇಳಿದ್ರು. ಬರೇ ಹೇಳಲಿಲ್ಲ. ಈಗ ತಮ್ಮ ಮೊಮ್ಮಗಳನ್ನ ಧಾರವಾಡಕ್ಕ ಸೈನ್ಸ್ ಕಲಿಯಾಕ ಕಳಸಾಕತ್ತಾರ. ಲಗ್ನದ ಮಾತ ಎತ್ತಿದವರಿಗೆ, ಮೊದಲ ಅಕಿ ಕಲೀಲಿ ಅಂತಾರ. ಸಾಹೇಬ್ರ, ಓಣಿ ಹೆಣ್ಣ ಹುಡುಗ್ಯಾರಿಗೆಲ್ಲಾ ದಾರಿ ಹಾಕಿ ಕೊಟ್ರಿ. ನಾವೆಲ್ಲಾ ಕೈ ಮುಗೀತೇವ್ರಿ."

ಚಪ್ಪಾಳೆ ನಿಲ್ಲಲೇ ಇಲ್ಲ. ಅಧಿಕಾರಿಗಳು ಎದ್ದು ಅವನ ಕೈ ಕುಲುಕಿದರು. ಹಾಸ್ಟೆಲಿನ ಸೀಟಿಗೆ ತಾವೇ ಮಾತಾಡುವುದಾಗಿ ಮೈಕಿನಲ್ಲೇ ಹೇಳಿದರು. ಸವದತ್ತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೆಂಬರ್ ನನ್ನನ್ನು ನೋಡಿದ, ಜನರನ್ನು ನೋಡಿದ. ಕೊನೆಗೆ "ಹೌದ್ರಿ, ಕಳಸ್ತೇನಿ" ಅಂದ. ಆ ಎರಡು ಮಾತು ನನಗೆ ಹೋಳಿಗೆಗಿಂತ ಸಿಹಿಯಾದವು. ಮನೆಗೆ ಬಂದ ಮೇಲೆ ನನ್ನ ಗಂಡ, "ನಾಳೆ ಲಾರಿ ಚಾವಿ ಕಸಗೊಂಡ್ರ?" ಅಂದರು. "ಕಸಗೊಳ್ಳಲಿ" ಅಂದೆ.

ಚಾವಿ ಕಸಿದುಕೊಳ್ಳಲಿಲ್ಲ. ಊರೆಲ್ಲ ಹೊಗಳುವಾಗ ಹೇಗೆ ಕಸಿದುಕೊಂಡಾನು? ಆದರೆ ಮರುದಿನ ಬೆಳಿಗ್ಗೆ ತಾನೇ ನಮ್ಮ ಬಾಗಿಲಿಗೆ ಬಂದ. ನಿಂತೇ ಕೇಳಿದ.

"ಯಾಕ್ರಿ ತಂಗಿ, ನನ್ನ ಮ್ಯಾಲ ಇಷ್ಟ್ಯಾಕ ಸಿಟ್ಟು? ನಾ ನಿಮಗೇನ ಮಾಡೇನಿ?"

ಹೇಳಿದೆ. ಪಡಸಾಲೆ, ಅಡಕೆ, ಓಣಿ ಮರ್ಯಾದೆ, ಹೊಲಿಗೆ, ಎಲ್ಲ. ಅವನು ಹಣೆ ಗಂಟಿಕ್ಕಿ ಬಹಳ ಹೊತ್ತು ಯೋಚಿಸಿದ.

"ಖರೇನ ನೆನಪಿಲ್ರಿ ನನಗ" ಅಂದ.

ನಾಟಕ ಮಾಡುತ್ತಿರಲಿಲ್ಲ. ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ನನ್ನ ಹೊಟ್ಟೆಯಲ್ಲಿ ಇಷ್ಟು ವರ್ಷ ಕುದ್ದದ್ದು ಅವನಿಗೆ ಒಂದು ಸಂಜೆಯ ಮಾತು, ಬಾಯಿಂದ ಬಿದ್ದು ಹೋದದ್ದು. ನನ್ನ ಮಗಳ ಹೆಸರು ಕೂಡ ಅವನಿಗೆ ನೆನಪಿರಲಿಲ್ಲ. ಗೆದ್ದೆ ಅಂದುಕೊಂಡಿದ್ದವಳು ಬಾಗಿಲು ಹಾಕಿಕೊಂಡು ಅತ್ತೆ.

ಮಗಳಿಗೆ ಫೋನು ಮಾಡಿ ಎಲ್ಲ ಹೇಳಿದೆ. ಮೈಕಿನ ಕತೆಗೆ ಬಿದ್ದು ಬಿದ್ದು ನಕ್ಕಳು. ಅವನಿಗೆ ನೆನಪಿಲ್ಲವಂತೆ ಅಂದಾಗ ನಗು ನಿಂತಿತು. "ಅವ್ವಾ, ನನ್ನ ಟ್ರಂಕ್ ಬಸ್ಸಿಗೆ ಹಾಕಿ ಕಳಸ್ತೇನಿ. ಆ ಹುಡುಗಿಗೆ ಕೊಡು. ಅದಾರ ಧಾರವಾಡ ನೋಡಲಿ" ಅಂದಳು.

ರಾಮದುರ್ಗದ ಬಸ್ಸಿನಲ್ಲಿ ಟ್ರಂಕ್ ಬಂತು. ಒಳಗೆ ಒಂದೆರಡು ಜೋಳದ ಕಾಳು ಮೂಲೆಯಲ್ಲಿ ಸಿಕ್ಕಿಕೊಂಡಿದ್ದವು. ಹಸಿರು ಬಣ್ಣ ಅಲ್ಲಲ್ಲಿ ಎದ್ದಿತ್ತು, ಹೆಸರು ಮಾತ್ರ ಬರೆಸಿದ ದಿನದ ಹಾಗೆಯೇ ಇತ್ತು. ಮೆಂಬರನ ಮೊಮ್ಮಗಳು ಕುಣಿಯುತ್ತ ಬಂದು ಒಯ್ಯುತ್ತೇನೆಂದಳು. "ನಿನಗ ಭಾರ ಆಗ್ತೈತಿ. ನಿಮ್ಮ ಅಜ್ಜಾನ್ನ ಕಳಸು. ಹೆಸರಿನ ಮ್ಯಾಲ ಬಣ್ಣಾ ಹಚ್ಚೂದಿಲ್ಲಂದ್ರ ಮಾತ್ರ ಕೊಡತೇನಿ" ಅಂದೆ.

ಬಂದ. ಕಟ್ಟೆಯ ಮೇಲಿದ್ದ ಟ್ರಂಕನ್ನು ನೋಡಿ, ಕನ್ನಡಕ ಸರಿಮಾಡಿಕೊಂಡು ಅಕ್ಷರ ಅಕ್ಷರ ಓದಿದ. "ಇದು ಯಾರ ಹೆಸರ್ರೀ?"

"ನೆನಪಿಲ್ಲ ಅಂದ್ರೆಲ್ಲಾ, ಅಕಿದು" ಅಂದೆ.

ಅವನು ಬಗ್ಗಿದ, ಎತ್ತಿ ಹೆಗಲಿಗೆ ಇಟ್ಟುಕೊಂಡ. ಹೆಸರು ಒಳಗಡೆಗೆ ಹೋಗಿತ್ತು. ನಾನು ಟ್ರಂಕನ್ನು ಹಿಡಿದು ತಿರುಗಿಸಿ ಹೆಸರು ಹೊರಗೆ ಕಾಣುವಂತೆ ಇಟ್ಟೆ. ಅವನು ಓಣಿಯಲ್ಲಿ ನಡೆದ. ನಾನು ಹಿಂದೆ ಹೊರಟೆ. ಮೊದಲ ಮನೆಯಾಕೆ ಕಸ ಹೊಡೆಯುವುದನ್ನು ಬಿಟ್ಟು, "ಯಾರ ಟ್ರಂಕ್ರಿ ಸಾಹೇಬ್ರ?" ಅಂದಳು. ಅವನು ನಿಂತು ತಿರುಗಿ ನನ್ನನ್ನು ನೋಡಿದ. ನಾನು ಬಾಯಿ ಬಿಡಲಿಲ್ಲ. ಅವನು ಭಾರಕ್ಕೆ ಬಗ್ಗಿದ ಕುತ್ತಿಗೆಯಲ್ಲೇ ನನ್ನ ಮಗಳ ಹೆಸರು ಹೇಳಿದ. ಮುಂದಿನ ಮನೆಯ ಬಾಗಿಲಲ್ಲಿ ಇನ್ನೊಬ್ಬಳು ನಿಂತಿದ್ದಳು.