ತೆಂಗಿನತುರಿ ಪಕ್ಕದ ಇನ್ಸುಲಿನ್

"ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ ಮೇಡಂ" ಅಂತ ಇವತ್ತು ಲಕ್ಷ್ಮೀ ನಗರದ ಮೆಡಿಕಲ್ ಅಂಗಡಿಯ ಭಯ್ಯಾ ನನ್ನ ಮೊದಲ ಇನ್ಸುಲಿನ್ ಬಾಟಲಿ ಕೊಟ್ಟ.

ನಾವು ಚಿಕ್ಕವರಿದ್ದಾಗ ಇದೇ ದೆಹಲಿಯ ಪೀತಮ್‌ಪುರದಲ್ಲಿದ್ದೆವು; ಅಕ್ಕನಿಗೆ ಆಗಲೇ ಸಕ್ಕರೆ ಕಾಯಿಲೆ. ಊರಿಂದ ತಂದ ಕಾಯಿಯನ್ನು ತುರಿದು ಫ್ರೀಜರಿನಲ್ಲಿಟ್ಟರೆ ತಿಂಗಳಾದರೂ ಕೆಡುತ್ತಿರಲಿಲ್ಲ. ಅದೇ ಲೆಕ್ಕದಲ್ಲಿ ಅಮ್ಮ ಅಕ್ಕನ ಇನ್ಸುಲಿನ್ನನ್ನೂ ತುರಿಯ ಪಕ್ಕದಲ್ಲಿಟ್ಟಳು. ಚುಚ್ಚುವ ಮುಂಚೆ ಅಂಗೈಯಲ್ಲಿ ಉಜ್ಜಿ ಕರಗಿಸುತ್ತಿದ್ದಳು.

ಅಕ್ಕನ ಶುಗರ್ ಏರುತ್ತಲೇ ಹೋಯಿತು. "ಕದ್ದು ತಿಂತೀಯೇನೇ?" ಎಂದು ಅಮ್ಮ ಸೌಟಿನಿಂದ ಬಾರಿಸಿದಳು, ಊಟ ಅರ್ಧಕ್ಕಿಳಿಸಿದಳು. "ಇಲ್ಲಮ್ಮಾ, ಹಸಿವು" ಅಂತ ಅಕ್ಕ ಅಳುತ್ತಿದ್ದಳು. ಡಬ್ಬಿಯ ಬರ್ಫಿ ಖಾಲಿ ಮಾಡಿದವಳು ನಾನು. "ಅಕ್ಕ ತಿಂದಿದ್ದನ್ನ ನಾನೇ ನೋಡಿದೆ" ಅಂದೆ.

ಅಕ್ಕ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದಾಗ ಡಾಕ್ಟರು ಅಮ್ಮನಿಗೆ ಹೇಳಿದರು: "ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸ ಮಾಡಲ್ಲ. ಅದು ಇಲ್ಲದಿದ್ದರೆ ರಕ್ತದಲ್ಲಿ ಎಷ್ಟು ಸಕ್ಕರೆ ಇದ್ದರೂ ಮೈಗೆ ಹತ್ತಲ್ಲ. ನಿಮ್ಮ ಮಗಳಿಗೆ ನಿಜವಾಗಲೂ ಹಸಿವಾಗಿತ್ತು."

ಇವತ್ತು ಅಂಗಡಿ ಮುಂದೆಯೇ ನಿಂತು ಅಕ್ಕನಿಗೆ ಫೋನ್ ಮಾಡಿ, ನನಗೂ ಇನ್ಸುಲಿನ್ ಶುರುವಾಯ್ತು ಅಂದೆ.

ಅಕ್ಕ ಕೇಳಿದಳು: "ಹೌದಾ? ನೀನು ಕದ್ದು ತಿಂದಿದ್ದನ್ನ ಯಾರು ನೋಡಿದ್ರು?"