ಕಾದ ಡ್ರಮ್ಮಿಗೆ ಒಂದು ಚೊಂಬು ನೀರು

ಮೆಕ್ಯಾನಿಕ್ ಹನುಮಂತಪ್ಪನವರು ಚಪ್ಪಲಿ ಬಿಟ್ಟು ಕಾರು ಹತ್ತುತ್ತಿದ್ದರು. ಭಕ್ತಿಯಿಂದಲ್ಲ. ಬ್ರೇಕಿನ ಪೆಡಲಿನ ಮೇಲೆ ಬರಿಗಾಲಿಟ್ಟು, ಕಣ್ಣು ಮುಚ್ಚಿ, ಪಂಡಿತರು ನಾಡಿ ಹಿಡಿದ ಹಾಗೆ ಕೂರುತ್ತಿದ್ದರು. ಆಮೇಲೆ ಬಾಯಿ ತೆರೆದರೆ ಎದುರಿಗಿದ್ದವರ ಮಾನ ಉಳಿಯುತ್ತಿರಲಿಲ್ಲ. ಮೈಸೂರು ರಸ್ತೆಯ ಅವರ ಷೆಡ್ಡಿಗೆ ಯಾರೋ ಬಂದು "ಬ್ರೇಕ್ ಹಿಡೀತಿಲ್ಲಣ್ಣ" ಅಂದರೆ, "ಬ್ರೇಕ್ ಸರಿಯಾಗೇ ಇದೆ ಕಣಯ್ಯ. ನಿನ್ನ ಹೆತ್ತೋರು ಹಾಕ್ಬೇಕಾಗಿತ್ತು" ಅಂದಿದ್ದರಂತೆ.

ನಮ್ಮ ಯಜಮಾನರು ಆಗ ರಾಜಾಜಿನಗರದಲ್ಲಿ ರೇಷ್ಮೆ ಸಾಹುಕಾರರೊಬ್ಬರ ಹಳೇ ಕಾರಿಗೆ ಡ್ರೈವರು. ಸಾಹುಕಾರರ ಹಿತ್ತಲ ಕೋಣೆಯಲ್ಲೇ ನಮ್ಮ ಸಂಸಾರ. ದಿನಾ ಸಂಜೆ ರಾಮನಗರದಿಂದ ವಾಪಸು ಬರುತ್ತಿದ್ದ ಕಾರು ಆ ವರ್ಷ ಬ್ರೇಕ್ ಹಾಕಿದರೆ ಸಾಕು, ಚಳಿಜ್ವರ ಬಂದವರ ಹಾಗೆ ನಡುಗತೊಡಗಿತು.

"ಹನುಮಂತಪ್ಪ ನೋಡಿ ಹೇಳ್ಲಿ. ನಿನ್ನ ಕಡೆ ತಪ್ಪು ಅಂದ್ರೆ ಕೆಲಸಾನೂ ಇಲ್ಲ, ಕೋಣೇನೂ ಇಲ್ಲ" ಅಂದರು ಸಾಹುಕಾರರು.

ಆಂಜನೇಯನಿಗೆ ಹರಕೆ ಹೊತ್ತು ನಾನೂ ಷೆಡ್ಡಿಗೆ ಹೋಗಿದ್ದೆ. ಸಾಹುಕಾರರು ಬರುವ ಮೊದಲೇ ಯಜಮಾನರು ಹನುಮಂತಪ್ಪನವರಿಗೆ ಕೈ ಮುಗಿದರು. "ಗಾಡಿ ಹಳೇದಾಯ್ತು ಅಂತ ಹೇಳ್ಬಿಡಿ ಅಣ್ಣ. ಎರಡು ಮಕ್ಕಳಿವೆ."

"ನಿನಗೆ ಮಕ್ಕಳಿರೋದು ಬ್ರೇಕ್ ಡ್ರಮ್ಮಿಗೆ ಗೊತ್ತೇನಯ್ಯ?"

ಸಾಹುಕಾರರು ಬಂದರು. ಹನುಮಂತಪ್ಪನವರು ಕಾರನ್ನು ಜಾಕಿಯ ಮೇಲೆತ್ತಿ ಚಕ್ರವನ್ನು ಕೈಯಿಂದ ತಿರುಗಿಸಿದರು. ಒಂದು ಕಡೆ ಒಳಗೆ ಸರ್ರನೆ ಉಜ್ಜಿತು, ಇನ್ನೊಂದು ಕಡೆ ಸದ್ದೇ ಇಲ್ಲ. ಮತ್ತೆ ಸರ್ರ್, ಮತ್ತೆ ಮೌನ.

"ಚಕ್ರದೊಳಗಿನ ಡ್ರಮ್ಮು ಗುಂಡಗಿಲ್ಲ ಸ್ವಾಮಿ, ಕೋಳಿಮೊಟ್ಟೆ ಆಗಿದೆ. ಕಾದಾಗ ತಣ್ಣೀರು ಬಿದ್ದಿದೆ. ಯಾರು ಹುಯ್ದಿದ್ದು?"

"ನಾನೇ" ಅಂದೆ. "ದೂರದಿಂದ ಬಂದೋರ ಕಾಲಿಗೆ ನೀರು ಕೊಡಲ್ವೆ? ದಿನಾ ನಾಲ್ಕು ಚಕ್ರಕ್ಕೂ ಒಂದೊಂದು ಚೊಂಬು ಹಾಕಿ ಕುಂಕುಮ ಇಡ್ತಿದ್ದೆ. ಅನ್ನ ಕೊಡೋ ಗಾಡಿ."

ಷೆಡ್ಡಿನವರೆಲ್ಲ ಬಿದ್ದು ಬಿದ್ದು ನಕ್ಕರು. ಹನುಮಂತಪ್ಪನವರೊಬ್ಬರು ನಗಲಿಲ್ಲ.

"ಕಾದ ದೋಸೆ ಕಾವಲಿಗೆ ಕೊಡಗಟ್ಟಲೆ ತಣ್ಣೀರು ಸುರೀತೀಯೇನಮ್ಮ?"

"ಇಲ್ಲ."

"ನಿನ್ನ ಕಾವಲಿ ಮೇಲಿರೋ ಬುದ್ಧಿ ಸಾಹುಕಾರ್ರ ಕಾರಿನ ಮೇಲೆ ಯಾಕಿಲ್ಲ? ಹತ್ತು."

ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಎತ್ತಿದ ಚಕ್ರಗಳನ್ನು ಎಂಜಿನ್ನಿನಿಂದ ತಿರುಗಿಸಿದರು. "ತುಳಿ. ನೀನು ಮಾಡಿದ್ದು ನಿನ್ನ ಕಾಲಿಗೂ ಗೊತ್ತಾಗ್ಲಿ." ತುಳಿದೆ. ಪೆಡಲು ನನ್ನ ಅಂಗಾಲನ್ನು ದಡ್ ದಡ್ ಎಂದು ಒದೆಯಿತು. ಒಳಗೆ ಯಾರೋ ಬಾಗಿಲು ಬಡಿಯುತ್ತಿದ್ದ ಹಾಗೆ.

ಸಂಜೆಯೊಳಗೆ ಕೋಣೆ ಖಾಲಿ ಮಾಡಿದೆವು. ಯಜಮಾನರು ಲಾರಿಯೊಂದಕ್ಕೆ ಕ್ಲೀನರಾದರು. ಹನ್ನೊಂದು ದಿನ ನನ್ನ ಜೊತೆ ಮಾತಾಡಲಿಲ್ಲ. ಹನ್ನೆರಡನೇ ದಿನ ಊಟಕ್ಕೆ ಕೂತು ಉಪ್ಪು ಕೇಳಿದರು. ಅದು ದೇವರ ದಯೆ. ರಸ್ತೆಯಲ್ಲಿ ಆ ಬ್ರೇಕಿನಿಂದ ಯಾರೂ ಸಾಯಲಿಲ್ಲ, ಅದೂ ಅವನ ದಯೆ. ಹನುಮಂತಪ್ಪನವರು ಒಂದು ಸುಳ್ಳು ಹೇಳಿದ್ದರೆ ಆ ದಯೆ ಇರುತ್ತಿತ್ತೋ ಇಲ್ಲವೋ. ಅವರನ್ನು ಕ್ಷಮಿಸಲು ಮಾತ್ರ ನನ್ನಿಂದ ಆಗಲಿಲ್ಲ.

ಮೂರು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಯಜಮಾನರು "ಹೋಗೋಣ ನಡಿ" ಅಂದರು. ಅಂಗಳದಲ್ಲಿ ಹಲಗೆಯ ಮೇಲೆ ಮಲಗಿಸಿದ್ದರು. ಬಂದವರೆಲ್ಲ ಒಂದೊಂದು ಚೊಂಬು ನೀರು ಹಾಕುತ್ತಿದ್ದರು. ನನ್ನ ಸರದಿ ಬಂದಾಗ ಬಗ್ಗಿ, ಆ ಬರಿಗಾಲನ್ನು ಮೊದಲು ಮುಟ್ಟಿ ನೋಡಿದೆ. ತಣ್ಣಗಿತ್ತು.

ಆಮೇಲೆ ಹುಯ್ದೆ.