ಕಾಲು ಬಿಚ್ಚಿಟ್ಟು ಬಾ

ಮೊನ್ನೆ ಐತವಾರ ಮುನಿರಾಬಾದಿನಿಂದ ಬರ್ತಿದ್ದೆ. ಬಸ್ಸು ಗಂಗಾವತಿ ಮುಟ್ಟೂದ್ರಾಗ ಭತ್ತ ಕುದಿಸೋ ವಾಸನಿ ಕಿಟಕಿಯಿಂದ ಒಳಗ ಬಂತು. ಮೂರು ವಾರದಿಂದ ರೈಸ್‌ಮಿಲ್ಲಿನ ಕಡೆ ತಲಿ ಹಾಕಿರಲಿಲ್ಲ. ಮೂಗು ಮುಚ್ಕೊಂಡ್ರೂ ಆ ವಾಸನಿ ಬಿಡಲಿಲ್ಲ. ಕಾಕಾ ನೆನಪಾದ...

ಕಾಕಾ ಅಂದ್ರ ಮಿಲ್ಲಿನ ವಾಚ್‌ಮನ್. ಒಂದೇ ಕಾಲು, ಒಂದು ಊರುಗೋಲು. ಬಾಯಿ ಮಾತ್ರ ಹತ್ತು ಮಂದೀದು.

ನಮ್ಮೂರು ನವಲಿಯೊಳಗ ಭತ್ತ ಕೊಯ್ಯೋ ಮಿಷನ್ನಿಗೆ ಸಿಕ್ಕು ನನ್ನ ಎಡಗಾಲು ಮೊಣಕಾಲಿನ ಕೆಳಗ ಹೋಗಿತ್ತು. ಅದಕ್ಕೂ ಮೊದ್ಲು ಊರ ವಾಲಿಬಾಲ್ ಟೀಮಿನಾಗ ಶಾಟ್ ಹೊಡಿಯೋನು ನಾನ. ಆಮ್ಯಾಲೆ ಪ್ಲಾಸ್ಟಿಕ್ ಕಾಲಿಗೆ ಬೂಟು ಹಾಕಿ, ಪ್ಯಾಂಟಿನಾಗ ಮುಚ್ಚಿ, ಮನಿ ಹಿಡಿದು ಕುಂತೆ. ಕುಂತಲ್ಲೇ ಕುದೀತಿದ್ದೆ. ಯಾರಾರ "ಅಯ್ಯೋ ಪಾಪ" ಅಂದ್ರ ಮೈ ಉರೀತಿತ್ತು. ಹೆಂಡತಿ ಮುಂದ ಸೈತ ಕಾಲು ಬಿಚ್ಚಿದೋನಲ್ಲ.

ಒಂದಿನ ಅಣ್ಣನ ಸಂಗಾಟ ಭತ್ತದ ಟ್ರ್ಯಾಕ್ಟರ್ ಹತ್ತಿ ಮಿಲ್ಲಿಗೆ ಹೋದೆ. ಕಾಳು ಒಣಗಿಸೋ ಸಿಮೆಂಟ್ ಕಣದ ಮ್ಯಾಲೆ ಬೂಟು ಹಾಕ್ಕೊಂಡೇ ಹತ್ತಿಬಿಟ್ಟೆ. ಕಾಳು ಅಂದ್ರ ಲಕ್ಷ್ಮಿ. ಅಲ್ಲಿ ಯಾರೂ ಮೆಟ್ಟು ಹಾಕಂಗಿಲ್ಲ.

"ಲೇ ತಮ್ಮ, ಬೂಟು ಬಿಚ್ಚಲೇ!" ಕಾಕಾ ಒದರಿದ.

ಬಲಗಾಲಿಂದು ಬಿಚ್ಚಿದೆ.

"ಇನ್ನೊಂದಕ್ಕೇನು ಮುಹೂರ್ತ ನೋಡ್ಬೇಕೇನು?"

"ಅದು ಬಿಚ್ಚಾಕ ಬರೂದಿಲ್ರಿ!" ಸಿಟ್ಟಿಲೆ ಪ್ಯಾಂಟು ಎತ್ತಿ ತೋರಿಸಿದೆ.

ಪಾಪ ಅಂತಾನ ಅಂದ್ಕೊಂಡಿದ್ದೆ. ಅಂವ ನಕ್ಕ. "ಹಂಗಾರ ಕಾಲ ಬಿಚ್ಚಿಟ್ಟು ಬಾ. ನಂದು ಎಂದೋ ಬಿಟ್ಟಾಗೈತಿ. ಐತವಾರ ಸಂಜಿಗೆ ಕಣ ಖಾಲಿ ಇರತೈತಿ. ನಾವು ಕಾಲಿಲ್ಲದೋರು ಸೇರಿ ವಾಲಿಬಾಲ್ ಆಡ್ತೀವಿ. ಕುಂತು."

ಕುಂತು ಆಡೋದು ಅದೆಂಥಾ ಆಟ ಅಂತ ಬೈಕೋತ ಹೋದೆ. ಆದ್ರೂ ಐತವಾರ ಹೋದೆ. ನೆಟ್ಟು ನೆಲದ ಹತ್ತಿರ ಕಟ್ಟಿದ್ರು. ಕಣದ ಅಂಚಿನ್ಯಾಗ ಚಪ್ಪಲಿ ಸಾಲು, ಅದರ ಬಾಜೂಕ ಪ್ಲಾಸ್ಟಿಕ್ ಕಾಲು, ಊರುಗೋಲು. ನನ್ನ ಕಾಲೂ ಬಿಚ್ಚಿ ಆ ಸಾಲಿನ್ಯಾಗ ಇಟ್ಟೆ. ಯಾರೂ ತಿರುಗಿ ನೋಡಲಿಲ್ಲ, ಎಲ್ಲಾರ ಕಣ್ಣೂ ಚೆಂಡಿನ ಮ್ಯಾಲಿದ್ವು. ಎಷ್ಟು ಹಗುರಾತು ಅಂದ್ರ...

ಕುಂಡಿ ನೆಲಾ ಬಿಟ್ಟು ಹೊಡದ್ರ ಪಾಯಿಂಟು ಆ ಕಡೆಯೋರಿಗೆ. ನನಗ ಹಾರೋ ಚಟ ಹೋಗಿರಲಿಲ್ಲ. ಚೆಂಡು ಕಂಡ್ರ ಎದ್ದುಬಿಡ್ತಿದ್ದೆ. ನಮ್ಮ ಕಡೇನ ಆಡೋ ಕಾಕಾನೇ ಮೊದ್ಲು ಒದರಾಂವ: "ಎದ್ದಾನ! ಎದ್ದಾನ! ಪಾಯಿಂಟು ಅವರದು!" ನನ್ನಿಂದ ಎಷ್ಟು ಆಟ ಸೋತ್ವೋ! ಒಬ್ಬರೂ ಪಾಪ ಅನ್ನಲಿಲ್ಲ, ಬಾಯಿ ತುಂಬ ಬೈದ್ರು. ಆ ಬೈಗುಳ ಕೇಳಾಕ ಐತವಾರ ಯಾವಾಗ ಬರತೈತೋ ಅಂತ ಒದ್ದಾಡ್ತಿದ್ದೆ.

ಹೋದ ತಿಂಗಳು ಎದಿನೋವು ಬಂದು ಕಾಕಾ ಹೋಗಿಬಿಟ್ಟ. ಅವನಿಲ್ಲದ ಕಣ ನೋಡೋ ಧೈರ್ಯ ನನಗಿರಲಿಲ್ಲ.

ಮೊನ್ನೆ ಆ ವಾಸನಿ ಎಳ್ಕೊಂಡ ಹೋತು. ಬಸ್ಸಿಳಿದು ನೇರ ಮಿಲ್ಲಿಗೆ ನಡದೆ. ಆಟ ನಡದಿತ್ತು. ಅವನ ಊರುಗೋಲಿನ ಜಾಗಾ ಬಿಟ್ಟು ಬಾಜೂಕ ನನ್ನ ಕಾಲು ಇಟ್ಟೆ. ಮೊದಲನೇ ಚೆಂಡಿಗೇ ಎದ್ದು ಹೊಡದೆ. ಎಲ್ಲಾರೂ ಕಂಡ್ರು. ಯಾರೂ ಬೈಲಿಲ್ಲ.

"ಎದ್ದೀನಿ," ಅಂದೆ. ಮತ್ತೊಮ್ಮೆ ಒದರಿದೆ: "ಎದ್ದೀನ್ರೋ! ಪಾಯಿಂಟು ನಿಮ್ಮದು!"